ಕೆಳಗಿನ ಸಾಲುಗಳು ಹೋದ ಪುಸ್ತಕ

ಆ ಪುಸ್ತಕ ಈಗಲೂ ನನ್ನ ಬಳಿ ಇದೆ. ಕೆಂಪು ಬಟ್ಟೆಯ ರಟ್ಟು, ದಪ್ಪ ಬಿಳಿ ದಾರದ ಹೊಲಿಗೆ. ಹೊರಗಿನಿಂದ ನೋಡಿದರೆ ಅಡತಿ ಅಂಗಡಿಯ ಖಾತೆ ಪುಸ್ತಕ. ಒಳಗಿರುವುದು ವಾರಪತ್ರಿಕೆಯ ಒಂದು ಧಾರಾವಾಹಿ, ನಲವತ್ತು ಕಂತು. ನಲವತ್ತೆರಡು ಎಂದು ಬಹಳ ವರ್ಷ ಎಲ್ಲರಿಗೂ ಹೇಳುತ್ತಿದ್ದೆ. ಇದನ್ನು ಬರೆಯಲು ಕುಳಿತಾಗ ಎಣಿಸಿ ನೋಡಿದೆ, ನಲವತ್ತೇ. ಇಂಥ ತಪ್ಪುಗಳು ಮುಂದೆಯೂ ಇರಬಹುದು. ಪುಸ್ತಕವನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ.

ಎಪ್ಪತ್ತರ ದಶಕದ ನಡುವಿನ ವರ್ಷಗಳು. ನಾನು ಬೈಲಹೊಂಗಲದ ಒಂದು ಕಚೇರಿಯಲ್ಲಿ ಗುಮಾಸ್ತ. ಕೊಂಡು ಓದುವ ಚಟ ಇನ್ನೂ ಹತ್ತಿರಲಿಲ್ಲ, ಬೇಡಿ ಓದುವುದೇ ರೂಢಿ. ಬೆಲ್ಲ ಕಟ್ಟಿಕೊಟ್ಟ ಕಾಗದವನ್ನು ಬಿಡಿಸಿ, ಅಂಟು ಒರೆಸಿ ಓದುತ್ತಿದ್ದೆ. ಮುಂದಿನ ಪುಟ ಯಾರ ಮನೆಯ ಬೆಲ್ಲಕ್ಕೆ ಹೋಯಿತೋ ಎಂದು ಅರ್ಧ ದಿನ ತಲೆ ಕೆಡಿಸಿಕೊಳ್ಳುತ್ತಿದ್ದೆ.

ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಸವದತ್ತಿಗೆ ಹೋಗುತ್ತಿದ್ದೆ. ಅಲ್ಲಿ ನನಗೆ ಮೂರನೆಯ ಇಯತ್ತೆ ಕಲಿಸಿದ ಮಾಸ್ತರು ನಿವೃತ್ತರಾಗಿ ಹೆಂಡತಿಯೊಂದಿಗೆ ಇದ್ದರು. ಅವರ ಮನೆಯಲ್ಲಿ ಗೋಡೆಯೊಳಗಿನ ಒಂದು ಕಪಾಟು ಇತ್ತು. ಇಪ್ಪತ್ತು ವರ್ಷಗಳ ವಾರಪತ್ರಿಕೆಗಳಿಂದ ಧಾರಾವಾಹಿಯ ಹಾಳೆಗಳನ್ನಷ್ಟೇ ಬಿಡಿಸಿ, ಒಂದೊಂದು ಕಥೆಯನ್ನು ಒಂದೊಂದು ಕಟ್ಟು ಮಾಡಿ, ಹುರಿ ಬಿಗಿದು, ಹುಳ ಹತ್ತಬಾರದೆಂದು ನಡುನಡುವೆ ಬಜೆ ಬೇರಿನ ತುಂಡುಗಳನ್ನು ಇಟ್ಟಿದ್ದರು. ಒಂದು ಕಟ್ಟು ಮರಳಿ ಬಂದರೆ ಮಾತ್ರ ಇನ್ನೊಂದು ಹೊರಗೆ ಹೋಗುತ್ತಿತ್ತು. ಓದಲು ನನಗೆ ಇದ್ದ ಬಾಗಿಲು ಅದೊಂದೇ.

ಮಾಸ್ತರರ ಓದು ವಿಚಿತ್ರ. ಪೂರ್ತಿ ಕಟ್ಟು ಕೈಯಲ್ಲಿದ್ದರೂ ಭಾನುವಾರಕ್ಕೊಂದೇ ಕಂತು ಓದುತ್ತಿದ್ದರು, ಅದೂ ಗಟ್ಟಿಯಾಗಿ, ಹೆಂಡತಿಗೆ ಕೇಳುವಂತೆ. ಮೂರನೆಯ ಸಲ ಓದುವಾಗಲೂ ಹೀಗೆಯೇ.

“ವಾರಕ್ಕೊಂದು ಬಂದದ್ದನ್ನ ವಾರಕ್ಕೊಂದ ಓದಬೇಕು. ನೀ ಬಸ್ಸಿನ್ಯಾಗ ನಾಲ್ಕ ನಾಲ್ಕ ನುಂಗತಿ. ಅದು ಓದೂದಲ್ಲ, ಬಕಾಸುರನ ಊಟ,” ಎನ್ನುತ್ತಿದ್ದರು.

ಋಣ ತೀರಿಸುವ ಹುಮ್ಮಸ್ಸಿನಲ್ಲಿ ನಾನೇ ಒಂದು ದಿನ, ಬೈಲಹೊಂಗಲದಲ್ಲಿ ಒಂದು ಕಟ್ಟನ್ನು ಪುಸ್ತಕ ಮಾಡಿಸಿ ತರುತ್ತೇನೆ ಎಂದೆ. ಅವರು ತಲೆಯಾಡಿಸಲಿಲ್ಲ. ಹುರಿ ಹರಿದು ಹಾಳೆಗಳು ಮನೆ ತುಂಬಾ ಹಾರಾಡುತ್ತವೆ, ಕೊಟ್ಟು ಕಳಿಸ್ರಿ ಎಂದು ಹೆಂಡತಿ ಹೇಳಿದ ಮೇಲೆ ಅವರಿಗೆ ಅತಿ ಪ್ರಿಯವಾದ ಕಟ್ಟನ್ನೇ ಕೊಟ್ಟರು. ನಾನದನ್ನು ಆಗಲೇ ಎರಡು ಸಲ ಓದಿದ್ದೆ.

ನಾನು ಅದನ್ನು ಒಯ್ದದ್ದು ಪೇಟೆಯ ಅಂಗಡಿಗಳಿಗೆ ಖಾತೆ ಪುಸ್ತಕ ಕಟ್ಟಿಕೊಡುವವರ ಹತ್ತಿರ. ಎಂಟು ದಿನ ಬಿಟ್ಟು ಹೋದಾಗ ಪುಸ್ತಕ ಹಲಗೆಯ ಹಾಗೆ ನೆಟ್ಟಗೆ ನಿಂತಿತ್ತು. ತೆರೆದು ಓದಿದೆ. ಮೊದಲ ಪುಟದ ಕೊನೆಯಲ್ಲಿ ವಾಕ್ಯ ಅರ್ಧಕ್ಕೆ ನಿಂತಿತು. ಎರಡನೆಯದರಲ್ಲೂ ಅಷ್ಟೇ. ಅಂಚು ಸಮ ಮಾಡುವಾಗ ಎಲ್ಲಕ್ಕಿಂತ ಗಿಡ್ಡ ಹಾಳೆಯ ಅಳತೆಗೆ ಇಡೀ ಕಟ್ಟನ್ನು ಕತ್ತರಿಸಿದ್ದರು. ಪ್ರತಿ ಪುಟದ ಕೆಳಗಿನ ಒಂದು ಸಾಲು ಹೋಗಿತ್ತು.

“ಏನ್ರಿ ಇದು, ಅಕ್ಷರಾನ ಕೊಯ್ದೀರಿ!”

ಅವರು ಪುಸ್ತಕ ತೆಗೆದುಕೊಂಡು ಬೆಳಕಿಗೆ ಹಿಡಿದರು. “ಅಂಚು ನೋಡ್ರಿ, ಒಂದು ಕೂದಲಾ ಹೆಚ್ಚುಕಮ್ಮಿ ಐತೇನು? ನಮ್ಮ ಖಾತಿ ಪುಸ್ತಕದಾಗ ಎಲ್ಲಿ ಕೊಯ್ದರೂ ಬಿಳೀನ ಇರತೈತ್ರಿ. ಮೊದಲ ಬರದು ಆಮ್ಯಾಲ ಕಟ್ಟಸವರು ನೀವ ಮೊದಲನೇದವರು.”

ಅವರ ಮುಖದಲ್ಲಿ ಸುಳ್ಳಿರಲಿಲ್ಲ. ಕತ್ತರಿಸಿದ ಚೂರುಗಳನ್ನು ಕೇಳಿದೆ. ಅವು ಆಗಲೇ ಒಲೆಗೆ ಹೋಗಿದ್ದವು.

ಮುಂದಿನ ಹದಿನೈದು ದಿನ ಕಚೇರಿಯಿಂದ ಬಂದವನೇ ಪ್ರತಿ ಪುಟದ ಕೆಳಗೆ ತೆಳ್ಳನೆಯ ಕಾಗದದ ಪಟ್ಟಿ ಅಂಟಿಸಿ, ಹೋದ ಸಾಲನ್ನು ನೆನಪಿನಿಂದ ನೀಲಿ ಮಸಿಯಲ್ಲಿ ಬರೆದೆ. ಮೊದಮೊದಲು ನೆನಪಾಗುವವರೆಗೆ ಪೆನ್ನು ಹಿಡಿದು ಕಾಯುತ್ತಿದ್ದೆ. ಮೂರನೆಯ ದಿನದಿಂದ ಕಾಯಬೇಕಾಗಲಿಲ್ಲ. ಬರೆದ ಕೂಡಲೇ ಹೀಗೆಯೇ ಇತ್ತು ಎನ್ನಿಸುತ್ತಿತ್ತು. ಆ ಸಲೀಸಿಗೆ ಆಗಲೇ ಹೆದರಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಹೆದರಲಿಲ್ಲ, ಖುಷಿಯಾಗಿತ್ತು.

ಸವದತ್ತಿಯಲ್ಲಿ ಪುಸ್ತಕ ಕೊಡುವಾಗ ಸಾಲುಗಳು ಕತ್ತರಿಸಿಹೋದದ್ದನ್ನು ಹೇಳಿದೆ. ಒಂದು ಸುಳ್ಳನ್ನೂ ಸೇರಿಸಿದೆ. ಕಿತ್ತೂರಿನಲ್ಲಿ ಒಬ್ಬ ಗೆಳೆಯನ ಮನೆಯಲ್ಲಿ ಅದೇ ಸಂಚಿಕೆಗಳಿವೆ, ನೋಡಿ ಬರೆದುಕೊಂಡೆ ಎಂದೆ. ಕಿತ್ತೂರಿನಲ್ಲಿ ನನಗೆ ಯಾರೂ ಗೆಳೆಯರಿರಲಿಲ್ಲ.

ಮಾಸ್ತರು ರಟ್ಟಿನ ಮೇಲೆ ಕೈಯಾಡಿಸಿದರು. ನಾನು ಕಪಾಟಿನ ಕಡೆ ನೋಡಿದೆ.

“ಇದು ಓದಿ ಮುಗೀಲಿ. ಆಮ್ಯಾಲ ನೋಡೂಣು,” ಎಂದರು.

ನಲವತ್ತು ಕಂತು, ವಾರಕ್ಕೊಂದು. ಅಲ್ಲಿಯವರೆಗೆ ಕಪಾಟು ಮುಚ್ಚಿತು. ಆದರೂ ಭಾನುವಾರದ ಬಸ್ಸು ಬಿಡಲಿಲ್ಲ. ಹೋಗದಿದ್ದರೆ ಸುಳ್ಳು ಗೊತ್ತಾಗುತ್ತದೆ ಎಂಬ ಭಯ. ಅವರ ಹೆಂಡತಿ ಅವರೆಕಾಯಿ ಸುಲಿಯುತ್ತ ಕುಳಿತಿರುತ್ತಿದ್ದರು, ಮಾಸ್ತರು ಓದುತ್ತಿದ್ದರು. ಪುಟದ ಕೆಳಗೆ ಬಂದಾಗ ನನ್ನ ವಾಕ್ಯ ಅವರ ಬಾಯಲ್ಲಿ ಕೇಳುತ್ತಿತ್ತು. ಅಲ್ಲಿ ಒಂದು ಕ್ಷಣ ನಿಲ್ಲುತ್ತಿದ್ದರು. ಕೆಲವು ಕಡೆ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ನನ್ನ ಪಟ್ಟಿಗೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಏನೋ ಬರೆಯುತ್ತಿದ್ದರು. ಸಾಲೆಯಲ್ಲಿ ಪಾಟಿ ತಿದ್ದುತ್ತಿದ್ದಾಗಿನ ಅದೇ ಮುಖ.

ಏಳನೆಯ ವಾರ ಎರಡು ಕಡೆ ತಿದ್ದಿ ಪುಸ್ತಕ ಮುಚ್ಚಿದರು. “ಕಿತ್ತೂರಾಗಿನ ನಿನ್ನ ಗೆಳೆಯಗ ಬ್ಯಾರೇನ ಛಾಪಿಸಿ ಕೊಟ್ಟಾರೇನೋ ತಮ್ಮಾ.”

ನಾನು ಅವರೆಕಾಯಿಯ ಬುಟ್ಟಿಗೆ ಕೈ ಹಾಕಿ ಸುಲಿಯತೊಡಗಿದೆ.

“ಗೆಳೆಯಾನ್ನ ಒಮ್ಮೆ ಕರ್ಕೊಂಡ ಬಾರಪಾ, ಅವರೀಕಾಳ ಹುಳಿ ಮಾಡತೇನಿ,” ಎಂದು ಹೆಂಡತಿ ನಗದೆ ಹೇಳಿದರು. ಇಬ್ಬರಿಗೂ ಗೊತ್ತಿತ್ತೆಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿತ್ತೋ ಇಲ್ಲವೋ ಹೇಳಲಾರೆ.

ಆ ವಾರವೇ ಕಚೇರಿಯ ಕೆಲಸಕ್ಕೆ ರಾಮದುರ್ಗಕ್ಕೆ ಹೋಗಬೇಕಾಯಿತು. ಕೆಲಸ ಬೇಗ ಮುಗಿದು, ಕ್ಷೌರದ ಅಂಗಡಿಯೊಂದರಲ್ಲಿ ಸರದಿಗಾಗಿ ಕುಳಿತೆ. ಬಾಕಿನ ಮೇಲೆ ಹಳೆಯ ವಾರಪತ್ರಿಕೆಗಳ ರಾಶಿ. ಕೈ ತಾನಾಗಿಯೇ ಕೆದಕಿತು. ಅದರಲ್ಲಿ ನಮ್ಮ ಧಾರಾವಾಹಿಯ ಏಳನೆಯ ಕಂತು ಇತ್ತು, ಕೆಳಗಿನ ಸಾಲುಗಳ ಸಮೇತ. ಬೇರೆ ಕಂತಾಗಿದ್ದು, ನಾನೇ ಏಳು ಮಾಡಿಕೊಂಡಿರಬಹುದೇ ಎಂದು ಈಗ ಪುಸ್ತಕ ತೆರೆದು ನೋಡಿದೆ. ಏಳೇ.

ಒಯ್ಯಲೇ ಎಂದು ಅಂಗಡಿಯವರನ್ನು ಕೇಳಿದೆ. “ಒಯ್ಯರಿ ಒಯ್ಯರಿ. ಚಿತ್ರಾ ಎಲ್ಲಾರೂ ನೋಡ್ಯಾರ,” ಎಂದರು.

ಒಂದು ಪುಟದ ಉಳಿದ ಭಾಗ ಹೀಗೆ ನಿಲ್ಲುತ್ತಿತ್ತು: “ಅವಳು ಬಾಗಿಲು ತೆರೆದಾಗ ಹೊರಗೆ”. ಪಟ್ಟಿಯ ಮೇಲೆ ನಾನು ಬರೆದದ್ದು: “ಅಣ್ಣ ನಿಂತಿದ್ದ.” ಮಾಸ್ತರು ಅದಕ್ಕೆ ಗೆರೆ ಎಳೆದು ಬರೆದದ್ದು: “ಅಂಚೆಯವನು ನಿಂತಿದ್ದ.” ಅಚ್ಚಿನಲ್ಲಿದ್ದದ್ದು: “ಯಾರೂ ಇರಲಿಲ್ಲ.”

ಆ ಸಂಚಿಕೆಯನ್ನು ಬಚ್ಚಿಟ್ಟರೆ ಕಿತ್ತೂರಿನ ಗೆಳೆಯ ಹೇಗೋ ಉಳಿಯುತ್ತಿದ್ದ, ಇನ್ನು ಮೂವತ್ಮೂರು ವಾರ ಕಳೆದರೆ ಕಪಾಟೂ ತೆರೆಯುತ್ತಿತ್ತು. ತೋರಿಸಿದರೆ ಅವನು ಸಾಯುತ್ತಿದ್ದ, ಕಪಾಟು ಕಾಯಂ ಮುಚ್ಚಬಹುದಿತ್ತು. ಆದರೆ ಇನ್ನಷ್ಟು ಭಾನುವಾರ ನನ್ನದೇ ವಾಕ್ಯಗಳನ್ನು ಕೇಳುತ್ತ ಕೂರುವುದು ನನ್ನಿಂದಾಗುತ್ತಿರಲಿಲ್ಲ. ಧೈರ್ಯ ಎನ್ನಲಾರೆ, ಬೇಸತ್ತಿದ್ದೆ.

ಭಾನುವಾರ ಹೋದವನೇ ಸಂಚಿಕೆಯನ್ನು ಮಾಸ್ತರರ ಮುಂದಿಟ್ಟು, ಕಿತ್ತೂರಿನಲ್ಲಿ ಯಾರೂ ಇಲ್ಲ, ಎಲ್ಲವನ್ನೂ ನೆನಪಿನಿಂದ ಬರೆದೆ ಎಂದೆ. ಅವರು ಕನ್ನಡಕ ಒರೆಸಿಕೊಂಡು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ನನ್ನ ತಪ್ಪುಗಳನ್ನು ನೋಡಿ ತಲೆಯಾಡಿಸಿದರು. ಆಮೇಲೆ ತಮ್ಮ ತಿದ್ದುಪಡಿಯ ಮುಂದೆ ಬಂದು ಬಹಳ ಹೊತ್ತು ನಿಂತರು.

“ಅಂಚೆಯವನ ಇದ್ದ,” ಎಂದರು. “ಅಚ್ಚಿನವರು ತಪ್ಪು ಹಾಕ್ಯಾರ.”

“ಹಾಕಿರಬೇಕು ಹಾಕಿರಬೇಕು. ಅವರ್ನೂ ಒಂಟಿಗಾಲಿನ ಮ್ಯಾಲ ನಿಲ್ಲಸ್ರಿ, ನಿಮ್ಮ ಮೂರನೇ ಇಯತ್ತಿಗೆ,” ಎಂದರು ಹೆಂಡತಿ.

ಮಾಸ್ತರು ನಕ್ಕರೋ ಇಲ್ಲವೋ ನೆನಪಿಲ್ಲ. ಎದ್ದು ಕಪಾಟಿನ ಕೀಲಿ ತೆಗೆದದ್ದು ನೆನಪಿದೆ. ಕೆಂಪು ಪುಸ್ತಕವನ್ನು ನನ್ನ ಕೈಗಿಟ್ಟರು. “ಇದು ಇನ್ನ ನಿಂದು. ನನ್ನ ಕಥೀ ಇದರಾಗ ಇಲ್ಲ,” ಎಂದರು. ಆಮೇಲೆ ಹುರಿ ಬಿಗಿದ ಇನ್ನೊಂದು ಕಟ್ಟನ್ನು ತೆಗೆದು, ಬಜೆ ಬೇರಿನ ತುಂಡುಗಳನ್ನು ಸರಿಪಡಿಸಿ, ಅದರ ಮೇಲಿಟ್ಟರು.

“ಕಟ್ಟಸಬ್ಯಾಡ,” ಎಂದರು. “ಹುರಿ ಬಿಚ್ಚಿ ಓದು, ಹುರಿ ಕಟ್ಟಿ ತಾ.”