ಬುಬುಸಿ ಕೇಳಿ ಪಡೆದ ಅಧ್ಯಕ್ಷಗಿರಿ

ತೆಮೊತು ಊರಿನ ತಂಗಾರಿಕಿಗೆ ಬಾಯಿ ಜೋರು ಎಂಬುದು ದ್ವೀಪಕ್ಕೆಲ್ಲ ಗೊತ್ತಿತ್ತು. ಕೇದಗೆ ಗರಿ ಸೀಳಿ ಚಾಪೆ ಹೆಣೆಯಲು ಕೂತರೆ ಕೈ ಎಷ್ಟು ಚುರುಕೋ ನಾಲಿಗೆಯೂ ಅಷ್ಟೇ ಚುರುಕು. ಪಾದ್ರಿಗಳ ಉಪದೇಶ ಉದ್ದವಾದರೆ ಹಿಂದಿನ ಸಾಲಿನಿಂದ ಎಲ್ಲರಿಗೂ ಕೇಳುವಂತೆ ಆಕಳಿಸುವವಳು ಅವಳೇ. ಅಂಗಡಿಯ ಅಕ್ಕಿಯಲ್ಲಿ ಹುಳ ಕಂಡರೆ ಒಂದೊಂದನ್ನೇ ಹೆಕ್ಕಿ ಅಂಗಡಿಯವನ ಅಂಗೈಗೆ ಹಾಕುವವಳೂ ಅವಳೇ. ಹಾಗೆಂದು ಯಾರಿಗೂ ಅವಳ ಮೇಲೆ ಮುನಿಸಿರಲಿಲ್ಲ. ಯಾರ ಮನೆಯಲ್ಲಿ ಹೆರಿಗೆಯಾಗಲಿ, ಸಾವಾಗಲಿ, ಮೊದಲು ಹೋಗಿ ಒಲೆ ಹಚ್ಚಿ ಅನ್ನಕ್ಕಿಡುವವಳು ತಂಗಾರಿಕಿ.

ಅವಳು ಹುಟ್ಟಿದ್ದು ಒಂದು ಮನೆಯಲ್ಲಿ, ಬೆಳೆದದ್ದು ಇನ್ನೊಂದರಲ್ಲಿ. ಮೂರು ವರ್ಷದವಳಿದ್ದಾಗ ದೊಡ್ಡಮ್ಮ ಬಂದು ಅಂಗಳದಲ್ಲಿ ಕೂತು, ಈ ಕೂಸನ್ನು ನನಗೆ ಕೊಡು ಎಂದು ಬುಬುಸಿ ಕೇಳಿದ್ದಳು. ಅವರ ಕಿರಿಬಾಸ್ ದೇಶದಲ್ಲಿ ನೆಂಟರು ಬುಬುಸಿ ಎಂದು ಬಾಯಿಬಿಟ್ಟರೆ ಇಲ್ಲ ಎನ್ನುವ ಹಾಗಿಲ್ಲ. ಮೈಮೇಲಿನ ಅಂಗಿ ಕೇಳಿದರೂ ಬಿಚ್ಚಿಕೊಡಬೇಕು, ಹಬ್ಬಕ್ಕೆಂದು ಸಾಕಿದ ಹಂದಿ ಕೇಳಿದರೂ ಹಗ್ಗ ಕೈಗಿಡಬೇಕು. ಕೊಡದೆ ಉಳಿಸಿಕೊಂಡ ವಸ್ತು ಮನೆಯಲ್ಲಿದ್ದಷ್ಟು ದಿನ ನಾಚಿಕೆಯೂ ಮನೆಯಲ್ಲಿರುತ್ತದೆ. ಪಡೆದವರೂ ಮುಂದೊಂದು ದಿನ ತಮ್ಮದನ್ನು ಕೊಡಲು ತಯಾರಿರಬೇಕು. ಹಾಗೆ ದೊಡ್ಡಮ್ಮನ ಮನೆ ಸೇರಿದ ತಂಗಾರಿಕಿಗೆ ಅಲ್ಲಿ ತನಗಿಂತ ಹದಿನೆಂಟು ವರ್ಷ ದೊಡ್ಡವನಾದ ಅಣ್ಣನೊಬ್ಬ ಸಿಕ್ಕಿದ. ಅವನೇ ಬಿರಿಬೋ. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಹೊತ್ತವನು, ಆಮೇಲೆ ಅದೇ ಶಾಲೆಯಲ್ಲಿ ಮೇಷ್ಟ್ರಾದವನು, ಆಮೇಲೆ ದ್ವೀಪದ ಜನ ಸಂಸತ್ತಿಗೆ ಕಳಿಸಿದವನು. ಅವನ ಹೆಂಡತಿ ತೆಬೌವಾ. ಇಬ್ಬರಿಗೂ ಮಕ್ಕಳಾಗಲಿಲ್ಲ.

ಆ ವರ್ಷ ದೇಶದ ಅಧ್ಯಕ್ಷಗಿರಿಗೆ ನಿಂತ ಮೂವರಲ್ಲಿ ಇಬ್ಬರು ಈ ಒಂದೇ ದ್ವೀಪದವರು. ದಕ್ಷಿಣದ ತೆಮೊತುವಿನ ಬಿರಿಬೋ, ಉತ್ತರದ ತೆರಿಕಿಯಾ ಊರಿನ ಬಾಕೋವಾ. ಮೊದಲ ವಾರ ಎಲ್ಲರಿಗೂ ಹೆಮ್ಮೆ. ಯಾರು ಗೆದ್ದರೂ ನಮ್ಮವರೇ ಎಂದು ಕುಣಿದರು. ಎರಡನೆಯ ವಾರಕ್ಕೆ ಹಾಡು ಕಟ್ಟಿದರು, ಹಾಡಿನಲ್ಲಿ ಹಂಗಿಸಿದರು. ಮೂರನೆಯ ವಾರಕ್ಕೆ ಒಬ್ಬರ ಬಲೆಗೆ ಬಿದ್ದ ಮೀನು ಇನ್ನೊಬ್ಬರ ಒಲೆಗೆ ಹೋಗುವುದು ನಿಂತಿತು.

ತಂಗಾರಿಕಿಯ ಗಂಡ ಕಬಾನೆ ತೆರಿಕಿಯಾದವನು. ತೆಂಗಿನ ಮರ ಹತ್ತಿ ನೀರಾ ಇಳಿಸುವುದು ಅವನ ಕೆಲಸ. ಮರದ ಮೇಲಿರುವಷ್ಟು ಹೊತ್ತೂ ಹಾಡುತ್ತಿರಬೇಕು, ಸುಮ್ಮನೆ ಕೂತರೆ ಕೆಳಗಿನ ಮನೆಗಳೊಳಗೆ ಇಣುಕುತ್ತಿದ್ದಾನೆ ಎಂದುಕೊಳ್ಳುತ್ತಾರೆ. ಒಂದು ಬೆಳಿಗ್ಗೆ ಅವನು ಬಾಕೋವಾನ ಹಾಡು ಎತ್ತಿದ.

"ಇಳಿಯೋ ಕೆಳಗೆ! ನನ್ನ ಮರದ ಮೇಲೆ ಕೂತ್ಕೊಂಡು ಅವನ ಹಾಡು ಹೇಳ್ತೀಯಾ?" ತಂಗಾರಿಕಿ ಬುಡದಲ್ಲಿ ನಿಂತು ಕೂಗಿದಳು.

"ಮರ ನಿಂದು, ಬಾಯಿ ನಂದು ಕಣೇ!"

"ಹಾಗಾದ್ರೆ ಆ ಬಾಯಿಗೆ ಅನ್ನ ನಿಮ್ಮಮ್ಮನ ಮನೇಲೇ ಹಾಕಿಸ್ಕೋ!"

ಅವನು ಹಾಗೇ ಮಾಡಿದ. ಮರ ಹತ್ತಲು ಬರುತ್ತಿದ್ದ, ಇಳಿಸಿದ ನೀರಾವನ್ನು ಬಾಗಿಲಲ್ಲಿಟ್ಟು ಹೋಗುತ್ತಿದ್ದ. ಎರಡು ವರ್ಷದ ಮಗಳು ಮೀರೆಗೆ ದಿನಾ ಎಣ್ಣೆ ತಿಕ್ಕಿ ಮೀಯಿಸಲು ಬರುತ್ತಿದ್ದ ಅತ್ತೆಯೂ ಬರುವುದನ್ನು ಬಿಟ್ಟಳು. ಮಗು ಸಂಜೆಯಾದರೆ ದಾರಿಯ ಕಡೆ ಕೈ ತೋರಿಸಿ ಅಳುತ್ತಿತ್ತು.

ಹೀಗಿರುವಾಗ ಬಿರಿಬೋ ಪ್ರಚಾರಕ್ಕೆ ಊರಿಗೆ ಬಂದ. ಕೊರಳಲ್ಲಿ ಹೂಮಾಲೆ, ಹಿಂದೆ ಇಪ್ಪತ್ತು ಮೂವತ್ತು ಜನ. ತಂಗಿಯ ಅಡುಗೆ ಚಪ್ಪರಕ್ಕೆ ಬಂದು ಕೂತ. ತಂಗಾರಿಕಿ ಮೀನಿನ ಹುರುಪೆ ತೆಗೆಯುತ್ತಿದ್ದವಳು ತಲೆ ಎತ್ತಲಿಲ್ಲ.

"ಯಾಕೆ ತಂಗಿ, ಮುಖ ಊದಿಸ್ಕೊಂಡಿದ್ದೀಯ? ಊರೋರೆಲ್ಲ ಏನೇನೋ ಕೇಳಿದ್ರು. ನೀನೊಬ್ಬಳೇ ಏನೂ ಕೇಳಿಲ್ಲ."

"ದೋಣಿಗೆ ಮೋಟರು ಕೇಳೇ!" ಹಿಂದಿನಿಂದ ಯಾರೋ ಕೂಗಿದರು.

"ಬೇಡ, ಅವಳಿಗೆ ಗಂಡ ಬೇಕಂತೆ, ಹಾಡದೇ ಇರೋ ಗಂಡ!" ಇನ್ನೊಬ್ಬ. ಎಲ್ಲರೂ ನಕ್ಕರು.

"ಕೇಳಿದ್ರೆ ಕೊಡ್ತೀಯಾ ಅಣ್ಣ?"

"ನೀನು ಕೇಳಿ ನಾನು ಯಾವತ್ತು ಇಲ್ಲ ಅಂದಿದ್ದೀನಿ?"

ತಂಗಾರಿಕಿ ಕತ್ತಿ ಕೆಳಗಿಟ್ಟಳು. "ಹಾಗಾದ್ರೆ ಬುಬುಸಿ ಕೇಳ್ತೀನಿ. ಈ ಚುನಾವಣೆಗೆ ನಿಂತಿದ್ದೀಯಲ್ಲ, ಅದನ್ನೇ ನನಗೆ ಕೊಟ್ಬಿಡು. ನಿನ್ನ ಅಧ್ಯಕ್ಷಗಿರಿ ನನ್ನ ಗಂಡನ್ನ ತಿಂತು, ಅತ್ತೇನ ತಿಂತು. ಈ ಕೂಸಿಗೆ ಅಜ್ಜಿ ಮನೆ ದಾರೀನೂ ಮರೆತುಹೋಗುತ್ತೆ ಇನ್ನು."

ಅರ್ಧ ತಮಾಷೆ, ಅರ್ಧ ಸಿಟ್ಟು. ಆಡಿದ್ದು ಇಷ್ಟೇ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಿರಿಬೋ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಚಿಪ್ಪಿನ ನೀರಾವನ್ನು ಪೂರ್ತಿ ಕುಡಿದು, "ಕೇಳಿಸ್ಕೊಂಡೆ ಕಣಮ್ಮ" ಎಂದು ಎದ್ದು ಹೋದ. ಅವನ ಹಿಂದೆ ಹೊರಟ ತೆಬೌವಾ ಚಪ್ಪರದ ಕಂಬ ಹಿಡಿದು ಒಂದು ಗಳಿಗೆ ನಿಂತು ತಂಗಾರಿಕಿಯನ್ನು ನೋಡಿದಳು.

ಮೂರನೆಯ ದಿನ ಬೆಳಗಿನ ರೇಡಿಯೋದಲ್ಲಿ ಬಿರಿಬೋನ ಧ್ವನಿಯೇ ಬಂತು. "ನಾನು ಅಧ್ಯಕ್ಷಗಿರಿಯ ಕಣದಿಂದ ಹಿಂದೆ ಸರಿದಿದ್ದೇನೆ. ನನ್ನ ತಂಗಿ ಬುಬುಸಿ ಕೇಳಿದ್ದಾಳೆ. ಕೊಟ್ಟಿದ್ದೇನೆ. ನನಗಾಗಿ ದುಡಿದವರೆಲ್ಲ ಕ್ಷಮಿಸಬೇಕು." ಅಷ್ಟೇ. ಆಮೇಲೆ ಹವಾಮಾನ, ಹಡಗು ಬರುವ ದಿನ.

ತಂಗಾರಿಕಿ ಪಾತ್ರೆ ತಿಕ್ಕುತ್ತಿದ್ದಳು. ಕೈ ಹಾಗೇ ನಿಂತಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಆಡಿದ ಮಾತು ಹೋಗಿ ಇಷ್ಟು ದೊಡ್ಡದನ್ನು ಹೊತ್ತು ತರುತ್ತದೆಂದು ಅವಳಿಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ಬಿಸಿಲು ಏರುವ ಮೊದಲೇ ಅಂಗಳ ತುಂಬಿತು. ಹಲಗೆಗಳಿಗೆ ಬಿರಿಬೋನ ಹೆಸರು ಬಳಿದಿದ್ದ ಹುಡುಗರು ಮೊದಲು ಬಂದರು, ಕೈಯಲ್ಲಿ ಇನ್ನೂ ಬಣ್ಣ. ಜಗಳಕ್ಕೆಂದೇ ಬಂದವರು. ಅವಳ ಮುಖ ನೋಡಿ ತೆಂಗಿನ ನೆರಳಲ್ಲಿ ಸಾಲಾಗಿ ಕೂತುಬಿಟ್ಟರು. ರಾಜಧಾನಿ ತರಾವಾದಿಂದ ಸೋದರತ್ತೆಯ ಮಗಳು ಫೋನ್ ಮಾಡಿದಳು. "ದೇಶಾನೇ ಬುಬುಸಿ ಕೇಳಿದ್ಯಲ್ಲೇ ಮಾರಾಯ್ತಿ! ಮನೇಲಿ ಉಪ್ಪು ಖಾಲಿಯಾಗಿರಲಿಲ್ವಾ, ಅದನ್ನ ಕೇಳೋಕೆ?" ಬೈಯುತ್ತಾ ಬೈಯುತ್ತಾ ಅತ್ತಳು. "ಇಲ್ಲಿ ಬಸ್ಸಲ್ಲಿ ಯಾರೂ ಮಾತಾಡ್ತಾ ಇಲ್ಲ ಕಣೇ. ಡ್ರೈವರ್ ಹಾಡು ಕೂಡ ಹಾಕಿಲ್ಲ" ಎಂದಳು.

ಅಂಗಡಿಯ ಮುಂದೆ ವಾದ ಜೋರಾಗಿತ್ತು.

"ಹುಚ್ಚ ಅವನು. ನಾವು ಓಟು ಹಾಕೋಕೆ ಕಾದಿದ್ವಿ, ನಮ್ಮನ್ನ ಕೇಳಿದ್ನಾ?"

"ನೀನು ಬುಬುಸಿ ಕೇಳಿದ್ಯಾ, ಬಿಡಬೇಡ ಅಂತ? ಅವಳು ಕೇಳಿದ್ಲು, ಅವಳಿಗೆ ಸಿಕ್ತು."

"ನಾನು ಕೇಳಿದ್ರೆ ನನ್ನ ಭಾವ ಹಳೇ ಚಪ್ಪಲಿ ಕೊಡಲ್ಲ ಮಾರಾಯ!"

ಊರಿನ ಹಿರಿಯ ಕೌರಬಿ ಅಜ್ಜ ಕೋಲೂರಿಕೊಂಡು ತಂಗಾರಿಕಿಯ ಅಂಗಳಕ್ಕೇ ಬಂದ. ಎಂಬತ್ತು ದಾಟಿದ ಮುದುಕ. ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ದೋಣಿ ಕೇಳಿದ್ದು ನೋಡಿದೀನಿ. ತೋಟ ಕೇಳಿದ್ದು ನೋಡಿದೀನಿ. ಇದನ್ನ ನೋಡಿರಲಿಲ್ಲ ಮಗಳೇ. ಇಷ್ಟು ದಿನ ಯಾಕೆ ಸಾಯಲಿಲ್ಲ ಅಂತ ಇವತ್ತು ಗೊತ್ತಾಯ್ತು."

ತೆರಿಕಿಯಾದವರು ಮಾತ್ರ ಗೆದ್ದೆವೆಂದು ಕುಣಿಯಬಹುದಿತ್ತು. ಅಲ್ಲಿನ ಡೋಲು ಆ ದಿನ ಬಾಯಿಬಿಡಲಿಲ್ಲ. ಸಮುದ್ರ ಇಳಿದ ಹೊತ್ತಿಗೆ ಮರಳ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆದು ಬಂದರು, ತಲೆಯ ಮೇಲೆ ಚಾಪೆಯ ಸುರುಳಿ, ಕೈಯಲ್ಲಿ ಮೀನಿನ ಗೊಂಚಲು. ಎಲ್ಲರ ಮುಂದೆ ತಂಗಾರಿಕಿಯ ಅತ್ತೆ. ಬಂದವಳೇ ಮೀರೆಯನ್ನು ಎತ್ತಿಕೊಂಡು ಬಾವಿಯ ಕಡೆ ಮೀಯಿಸಲು ಹೋದಳು.

ಕಬಾನೆ ಮರ ಹತ್ತಿದ. ಮೇಲಿನಿಂದ ಸದ್ದೇ ಇಲ್ಲ.

"ಯಾರ ಮನೆ ಇಣುಕ್ತಿದ್ದೀಯೋ? ಹಾಡೋ!" ತಂಗಾರಿಕಿ ಕೂಗಿದಳು.

"ಯಾವ ಹಾಡು ಹೇಳಲೇ? ಬಾಕೋವಾನದು ಬಾಯಿಗೆ ಬರ್ತಿಲ್ಲ. ಯಾವ ಮುಖ ಇಟ್ಕೊಂಡು ಹೇಳ್ಲಿ?"

ಕೊನೆಗೆ ಚರ್ಚಿನ ಹಾಡೊಂದನ್ನು ತಪ್ಪು ತಪ್ಪಾಗಿ ಹೇಳಿ ಇಳಿದು ಬಂದ. ಆ ದಿನ ಅವನು ಮನೆಯಲ್ಲೇ ಉಂಡ.

ಆದರೆ ಉಣ್ಣುವಾಗಲೇ ಅವಳು ತನ್ನ ತಟ್ಟೆ ಸರಿಸಿ ಮೀರೆಯನ್ನು ತೊಡೆಗೆಳೆದುಕೊಂಡಳು. ನೋಡಲು ಬಂದ ಮುದುಕಿಯರ ಕಣ್ಣು ಅವಳ ಮುಖದಿಂದ ಜಾರಿ ಮೀರೆಯ ಮೇಲೆ ಕೂರುವುದನ್ನು ಅವಳು ಬೆಳಗಿನಿಂದ ನೋಡಿದ್ದಳು. ಒಬ್ಬಳಂತೂ ಬಾಯಿಬಿಟ್ಟೇ ಹೇಳಿದ್ದಳು: "ಅಷ್ಟು ದೊಡ್ಡದನ್ನ ತಗೊಂಡವಳು ಇಷ್ಟು ಚಿಕ್ಕದನ್ನ ಇಲ್ಲ ಅಂತಾಳಾ?" ಶನಿವಾರದ ವಿಮಾನಕ್ಕೆ ಬಿರಿಬೋ ಬರುತ್ತಾನೆ. ಅವನಿಗೀಗ ಕೇಳುವ ಹಕ್ಕಿದೆ. ಮಕ್ಕಳಿಲ್ಲದವನು.

ತಾನು ಕೊಡಲ್ಪಟ್ಟ ಕೂಸು ಎಂಬುದು ತಂಗಾರಿಕಿಗೆ ಎಂದೂ ನೋವಿನ ಸಂಗತಿಯಾಗಿರಲಿಲ್ಲ. ದೊಡ್ಡಮ್ಮ ಅವಳನ್ನು ಕಣ್ಣಲ್ಲಿಟ್ಟು ಸಾಕಿದ್ದಳು. ಆದರೆ ಹೆತ್ತ ತಾಯಿ ಸಂಜೆ ಸಂಜೆ ಕೇದಗೆ ಪೊದೆಯ ಆಚೆ ಬಂದು ನಿಲ್ಲುತ್ತಿದ್ದಳು. ಒಳಗೆ ಬರುತ್ತಿರಲಿಲ್ಲ, ಕರೆಯುತ್ತಲೂ ಇರಲಿಲ್ಲ. ಆಟದಲ್ಲಿ ಮುಳುಗಿದ ತಂಗಾರಿಕಿ ಒಮ್ಮೊಮ್ಮೆ ನೋಡಿಯೂ ನೋಡದವಳ ಹಾಗೆ ಇದ್ದುಬಿಡುತ್ತಿದ್ದಳು. ಈಗ ಇಪ್ಪತ್ತಾರನೆಯ ವಯಸ್ಸಿನಲ್ಲಿ, ಆ ಪೊದೆಯ ಆಚೆ ನಿಂತವಳಿಗೆ ಏನಾಗುತ್ತಿತ್ತು ಎಂದು ಹೊಟ್ಟೆಯೊಳಗಿನಿಂದ ಗೊತ್ತಾಗತೊಡಗಿತು.

"ತೆರಿಕಿಯಾಕ್ಕೆ, ನಮ್ಮಮ್ಮನ ಮನೆಗೆ ಹೋಗಿಬಿಡೋಣ ಬಾ" ಎಂದ ಕಬಾನೆ.

"ಹೋಗಿ? ಒಂದು ಕೂಗು ಹಾಕಿದ್ರೆ ಆ ತುದೀಗೂ ಕೇಳೋ ದ್ವೀಪ ಇದು."

"ನಿನ್ನಣ್ಣ ಕೇಳಲಿಕ್ಕಿಲ್ಲ ಬಿಡು. ಒಳ್ಳೇ ಮನುಷ್ಯ."

"ಕೇಳಿದ್ರೆ ಕೊಡ್ತೀನಿ. ಅಷ್ಟೊಂದನ್ನ ಕೊಡೋವಾಗ ರೇಡಿಯೋದಲ್ಲಿ ಅವನ ಗಂಟಲು ನಡುಗಿತಾ? ನಾನೂ ಅದೇ ಮನೇಲಿ ಬೆಳೆದವಳು."

ಹಾಗೆಂದು ಎದ್ದುಹೋಗಿ ಮೀರೆಯ ಬಟ್ಟೆಗಳನ್ನೆಲ್ಲ ಒಗೆದಳು. ಒಣಗಿದ ಮೇಲೆ ಮಡಚಿ ಒಂದು ಗಂಟು ಕಟ್ಟಿದಳು. ಬಿಚ್ಚಿದಳು. ಮತ್ತೆ ಕಟ್ಟಿದಳು.

ಶನಿವಾರ ಮಧ್ಯಾಹ್ನ ಊರ ಮನೇಬಾ ಚಾವಡಿ ತುಂಬಿತ್ತು. ಎರಡೂ ಊರಿನವರು, ಮೊದಲಿನಂತೆ ತಮ್ಮ ತಮ್ಮ ಮನೆತನದ ಜಾಗಗಳಲ್ಲಿ ಚಾಪೆ ಹಾಸಿ ಕೂತಿದ್ದರು. ಬಿರಿಬೋಗೆಂದು ನಡುವೆ ಹೊಸ ಚಾಪೆ ಹಾಸಿದ್ದರು. ಅವನು ಅದನ್ನು ದಾಟಿ ಹೋಗಿ ತನ್ನ ಅಪ್ಪ ಕೂರುತ್ತಿದ್ದ ಕಂಬದ ಬುಡದಲ್ಲಿ, ಎಲ್ಲರ ಹಾಗೆ ಕಾಲು ಮಡಚಿ ಕೂತ. ನೂರಾರು ಜನ ಒಟ್ಟಿಗೆ ಉಸಿರು ಬಿಟ್ಟದ್ದು ಗಾಳಿ ಬೀಸಿದ ಹಾಗೆ ಕೇಳಿತು. ಬಾಕೋವಾನ ಚಿಕ್ಕಪ್ಪ ಎದ್ದು ಬಂದು ತನ್ನ ಕೊರಳಿನ ಮಾಲೆ ತೆಗೆದು ಅವನಿಗೆ ಹಾಕಿದ. ಆಮೇಲೆ ಹಿಂದಿರುಗಿ ತನ್ನ ಜಾಗದಲ್ಲಿ ಕೂತ.

ಕೌರಬಿ ಅಜ್ಜ ಕೇಳಿದ: "ಬಿರಿಬೋ, ನೀನು ಕೊಟ್ಟವನು. ನಿನ್ನದೇನಾದ್ರೂ ಕೇಳೋದು ಇದೆಯಾ?"

"ಏನೂ ಇಲ್ಲ ಅಜ್ಜ. ಕೊಟ್ಟು ಹಗುರಾಗಿದ್ದೀನಿ."

ತಂಗಾರಿಕಿಯ ಕೈ ಮಗುವಿನ ಬೆನ್ನ ಮೇಲೆ ಸಡಿಲವಾಯಿತು. ಕಬಾನೆ ಕಣ್ಣು ಮುಚ್ಚಿಕೊಂಡ. ಅಷ್ಟರಲ್ಲಿ ಹೆಂಗಸರ ಕಡೆಯಿಂದ ತೆಬೌವಾ ಎದ್ದಳು. ಆ ಹೆಂಗಸು ಚಾವಡಿಯಲ್ಲಿ ಹಿಂದೆಂದೂ ಬಾಯಿ ತೆರೆದವಳಲ್ಲ.

"ಇವರದನ್ನ ಇವರು ಕೊಟ್ಟರು. ಸಂತೋಷ. ಆದರೆ ಅದರಲ್ಲಿ ನನ್ನದೂ ಇತ್ತು. ಹತ್ತು ವರ್ಷ ಇವರ ಹಿಂದೆ ದೋಣಿಯಲ್ಲಿ, ಬಿಸಿಲಲ್ಲಿ ತಿರುಗಿದ್ದೀನಿ. ನನ್ನನ್ನ ಯಾರೂ ಕೇಳಲಿಲ್ಲ. ಇವರು ತರಾವಾಕ್ಕೆ ಹೋಗಿ ಬರಲಿ, ನಾನು ಇನ್ನು ಇಲ್ಲೇ ಇರ್ತೀನಿ. ಬರಿ ಮನೇಲಿ ಇರೋಕೆ ನನ್ನ ಕೈಲಾಗಲ್ಲ." ಅವಳು ತಿರುಗಿದಳು. "ತಂಗಾರಿಕಿ, ಬುಬುಸಿ ಕೇಳ್ತಿದ್ದೀನಿ. ಮೀರೆಯನ್ನ ನನಗೆ ಕೊಡು."

"ತೆಬೌವಾ..." ಎಂದು ಬಿರಿಬೋ ಅರ್ಧ ಎದ್ದ. ಅಜ್ಜ ಕೋಲೆತ್ತಿ ಅವನನ್ನು ಕೂರಿಸಿದ. ಕೇಳಿದ ಮೇಲೆ ನಡುವೆ ಬರಲು ಯಾರಿಗೂ ಅಧಿಕಾರವಿಲ್ಲ.

ತಂಗಾರಿಕಿ ಎದ್ದು ನಿಂತಳು. ಆ ಚಾವಡಿಯ ಅಗಲ ಇಪ್ಪತ್ತು ಹೆಜ್ಜೆ. ಮೀರೆಯನ್ನೆತ್ತಿಕೊಂಡು ಅವಳು ಅದನ್ನು ದಾಟಿದಳು. ಅತ್ತೆ ಬಟ್ಟೆಯ ಚುಂಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಬೆಳಿಗ್ಗೆ ಅವಳನ್ನು ಬಾಯಿಗೆ ಬಂದಂತೆ ಆಡಿಕೊಂಡಿದ್ದ ಅಂಗಡಿಯವನು ತಲೆ ತಗ್ಗಿಸಿ ಚಾಪೆಯ ಎಳೆ ಕೀಳುತ್ತಿದ್ದ. ದ್ವೀಪವೆಲ್ಲ ಒಂದು ವಾರದಿಂದ ಬಿರಿಬೋನನ್ನು ಯಾವ ಕಣ್ಣಿನಿಂದ ನೋಡಿತ್ತೋ, ಈಗ ಅದೇ ಕಣ್ಣಿನಿಂದ ಅವಳನ್ನು ನೋಡುತ್ತಿತ್ತು.

ಅವಳು ಮಗುವನ್ನು ತೆಬೌವಾಳ ಮಡಿಲಲ್ಲಿ ಕೂರಿಸಿದಳು. ಮೀರೆ ಹೊಸ ಮುಖವನ್ನು ನೋಡಿ, ತೆಬೌವಾ ಕಿವಿಗೆ ಮುಡಿದಿದ್ದ ಹೂವನ್ನು ಕಿತ್ತುಕೊಂಡಿತು.

"ಎಡಗಿವಿ ಸೋರುತ್ತೆ, ಮೀಯಿಸೋವಾಗ ಹತ್ತಿ ಇಡು" ಎಂದಳು ತಂಗಾರಿಕಿ. ಧ್ವನಿ ಗಟ್ಟಿಯಾಗಿತ್ತು. "ಮೀನನ್ನ ನೀನೇ ಮುಳ್ಳು ತೆಗೆದು ಬೆರಳಲ್ಲಿ ಹಿಸುಕಿ ಕೊಡಬೇಕು. ಅನ್ನ ಬೇಡ ಅಂತಾಳೆ, ಮೇಲೆ ಸ್ವಲ್ಪ ನೀರಾ ಪಾಕ ಹಾಕಿದ್ರೆ ತಿಂತಾಳೆ. ಗುಡುಗಿದ್ರೆ ಹೆದರ್ತಾಳೆ, ಆದ್ರೆ ಎತ್ಕೋಬೇಡ, ಎತ್ಕೊಂಡ್ರೆ ಇನ್ನೂ ಅಳ್ತಾಳೆ. ಪಕ್ಕದಲ್ಲಿ ಮಲಗಿ ಕಾಲು ಹಿಡ್ಕೋ. ಅವಳ ಅಜ್ಜಿ ದಿನಾ ಬರ್ತಾಳೆ, ಬಾಗಿಲು ತೆಗೀಬೇಕು. ನಾನು ಬಂದ್ರೂ ತೆಗೀಬೇಕು. ನಾನು ಪೊದೆ ಆಚೆ ನಿಲ್ಲೋಳಲ್ಲ, ಒಳಗೇ ಬರ್ತೀನಿ."

"ಬಾರೇ" ಎಂದಳು ತೆಬೌವಾ. ಮಗುವನ್ನು ಹಿಡಿದ ಕೈಗಳು ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಬೆನ್ನಿಗೂ ತಲೆಗೂ ಓಡಾಡುತ್ತಿದ್ದವು. "ಕೂತ್ಕೋ ಇಲ್ಲೇ. ಇನ್ನೊಂದ್ಸಲ ಹೇಳು. ಮೊದಲಿಂದ, ನಿಧಾನಕ್ಕೆ."

ತಂಗಾರಿಕಿ ಅವಳ ಪಕ್ಕದಲ್ಲಿ ಕೂತು ಮೊದಲಿನಿಂದ ಹೇಳತೊಡಗಿದಳು. ಕಿವಿಗೆ ಹತ್ತಿ ಇಡುವುದು ಹೇಗೆ, ಮೀನಿನ ಮುಳ್ಳು ತೆಗೆಯುವುದು ಹೇಗೆ ಎಂಬುದನ್ನು ಎರಡೂ ಊರುಗಳು, ಹಿರಿಯರು, ಅಧ್ಯಕ್ಷನಾಗಬೇಕಿದ್ದ ಅವಳ ಅಣ್ಣ, ಎಲ್ಲರೂ ಕೇಳುತ್ತಾ ಕೂತರು.