ಬಣ್ಣ ಓಡುವಾಗ ಮಾತಾಡಬಾರದು

ಒಳ್ಳೆಯ ಜಲವರ್ಣದ ಕಾಗದ ನೆನೆದರೆ ಮಳೆಯಲ್ಲಿ ತೊಯ್ದ ಮೇಕೆಯ ವಾಸನೆ ಬರುತ್ತದೆ. ಹೋದ ತಿಂಗಳು ವಿದ್ಯಾರಣ್ಯಪುರದ ನನ್ನ ಬಾಡಿಗೆ ಮನೆಯ ಗೋಡೆ ಜಿನುಗಿ, ಅಲ್ಲಿ ತೂಗುಹಾಕಿದ್ದ ಚಿತ್ರದ ಚೌಕಟ್ಟಿನೊಳಗೆ ತೇವ ಇಳಿದಿತ್ತು. ಬಿಚ್ಚಿದ ಕೂಡಲೇ ಆ ವಾಸನೆ ಮೂಗಿಗೆ ಬಡಿಯಿತು. ಚಿತ್ರವನ್ನು ಮಂಚದ ಮೇಲೆ ಹರಡಿ ನೆಲದಲ್ಲಿ ಕುಳಿತುಬಿಟ್ಟೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ವಸ್ತು ಇರಬಹುದು. ಒರೆಸಲು ಕೈಗೆತ್ತಿಕೊಂಡರೆ ಮಧ್ಯಾಹ್ನವೆಲ್ಲ ಕಳೆದುಹೋಗುವಂಥದ್ದು.

ಚಿತ್ರದಲ್ಲಿರುವುದು ಯಶವಂತಪುರದ ಮಾರ್ಕೆಟ್ ರಸ್ತೆ. ಬರೆದವಳು ಅಪ್ಪನ ಅಕ್ಕ, ಲಲಿತತ್ತೆ. ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದಳು. ಆ ರಸ್ತೆಯಲ್ಲೇ ನಮ್ಮ ಮನೆಯಿತ್ತು. ಕೆಳಗೆ ಮಳಿಗೆಗಳು, ಮೇಲೆ ಅಜ್ಜಿ, ಅತ್ತೆ, ಅಪ್ಪ, ಅಮ್ಮ, ನಾನು. ಮೇಲಿನ ಹಾಲ್‌ನ ಕಿಟಕಿಯಿಂದ ಕಂಡದ್ದೆಲ್ಲ ಅವಳ ಕಾಗದಕ್ಕೆ ಇಳಿಯುತ್ತಿತ್ತು: ಹಿಮ್ಮುಖವಾಗಿ ಬರುವ ಲಾರಿ, ಅದಕ್ಕೆ ಬೈಯುತ್ತ ದಾರಿ ಬಿಡುವ ಸೈಕಲ್ಲು, ಕೊತ್ತಂಬರಿ ಕಟ್ಟಿಗೆ ನೀರು ಚಿಮುಕಿಸುವ ಹೆಂಗಸರು. ಬಿಳಿ ಅಂಗಿಯವರಿಗೆ ಅವಳು ಬಣ್ಣವನ್ನೇ ಹಾಕುತ್ತಿರಲಿಲ್ಲ. ಕಾಗದವನ್ನು ಖಾಲಿ ಬಿಟ್ಟು ಸುತ್ತಲೂ ನೆರಳು ಬಳಿದರೆ ಅಲ್ಲೊಬ್ಬ ಮನುಷ್ಯ ನಿಂತಿರುತ್ತಿದ್ದ. ಎದುರು ಬದಿಯಲ್ಲಿ ಈರುಳ್ಳಿ ಮಾರುವ ಮುನಿರಾಜು ಕೆಳಗಿನಿಂದಲೇ ಕೂಗುತ್ತಿದ್ದ, "ಟೀಚರಮ್ಮ, ನನ್ ಹೊಟ್ಟೆ ಒಸಿ ಕಮ್ಮಿ ಮಾಡಿ ಬರೀರಿ." ಅತ್ತೆ ತಲೆಯೆತ್ತದೆ, "ಅದಕ್ಕೇ ಇನ್ನೊಂದು ಕಾಗದ ತರಿಸ್ತಿದೀನಿ ಕಣಯ್ಯ" ಎನ್ನುತ್ತಿದ್ದಳು. ಅಜ್ಜಿಗೆ ಆ ವಾಸನೆಯದೇ ತಕರಾರು. "ಹಾಲ್‌ನಲ್ಲಿ ಮೇಕೆ ಕಟ್ಟಿದೀಯೇನೇ?" ಎಂದು ಮೂಗು ಮುಚ್ಚಿಕೊಂಡೇ ಕಾಫಿ ತಂದಿಡುತ್ತಿದ್ದಳು.

ಅತ್ತೆ ಮೊದಲು ಕಾಗದವನ್ನೆಲ್ಲ ನೆನೆಸಿ, ಆಕಾಶದಿಂದ ರಸ್ತೆಯವರೆಗೆ ತೆಳುಬಣ್ಣವನ್ನು ಒಂದೇ ಉಸಿರಿಗೆ ಇಳಿಸುತ್ತಿದ್ದಳು. ನಡುವೆ ನಿಂತರೆ ಅಲ್ಲೇ ಒಣಗಿ ಕಲೆ ಕಟ್ಟುತ್ತದೆ, ಮತ್ತೆ ಅಳಿಸಲಾಗದು. ನನಗೆ ಎಂಟು ವರ್ಷವಿದ್ದಾಗ ಅಂಥ ಹೊತ್ತಿನಲ್ಲೇ ಊಟಕ್ಕೆ ಕರೆದಿದ್ದೆ. ಕರೆದೊಡನೆ ಕುಂಚವಿಟ್ಟು ಎದ್ದು ಬಂದಳು. ಉಂಡು ಹೋಗಿ ನೋಡಿದಾಗ ಆಕಾಶದ ಮಧ್ಯೆ ಅಡ್ಡಗೆರೆ ಬಿದ್ದಿತ್ತು. ಅತ್ತೆ ಕಾಗದವನ್ನು ನಾಲ್ಕಾಗಿ ಹರಿದು ಬಚ್ಚಲ ಒಲೆಗೆ ಹಾಕಿದಳು. ಅಜ್ಜಿ ನನ್ನನ್ನು ಅಡುಗೆಮನೆಗೆ ಕರೆದು, "ಬಣ್ಣ ಓಡುವಾಗ ಮಾತಾಡಬಾರದು ಪುಟ್ಟಿ" ಎಂದಳು. ಅಂದಿನಿಂದ ಅದು ಮನೆಯ ಕಟ್ಟಳೆಯಾಯಿತು. ಅತ್ತೆ ಕುಂಚವೆತ್ತಿದರೆ ಅಪ್ಪ ರೇಡಿಯೋ ಆರಿಸುತ್ತಿದ್ದ, ಅಮ್ಮ ಕುಕ್ಕರ್ ಇಳಿಸುತ್ತಿದ್ದಳು.

ನನಗೆ ಹನ್ನೊಂದಾಗಿದ್ದಾಗ ರಸ್ತೆ ಅಗಲೀಕರಣ ಬಂತು. ಯಂತ್ರ ಬಂದು ಸಾಲುಮನೆಗಳ ಮುಂಭಾಗವನ್ನು ಕತ್ತರಿಸಿಕೊಂಡು ಹೋಯಿತು. ನಮ್ಮ ಹಾಲ್ ಅರ್ಧ ಉಳಿಯಿತು, ಮುಂದಿನ ಗೋಡೆಯಿಲ್ಲದೆ. ಎಲ್ಲರಂತೆ ನಾವೂ ನೀಲಿ ಟಾರ್ಪಾಲು ಕಟ್ಟಿಕೊಂಡು ಉಳಿದ ಭಾಗದಲ್ಲೇ ಸಂಸಾರ ಮಾಡಿದೆವು. ಮಳಿಗೆಗಳು ಖಾಲಿಯಾದವು. ಮೇಸ್ತ್ರಿ ಬಂದು ಆಸರೆಗೆ ಕಂಬ ಕೊಡುವವರೆಗೆ ಅಂಚಿಗೆ ಹೋಗಬೇಡಿ ಎಂದು ಅಪ್ಪ ದಿನವೂ ಹೇಳುತ್ತಿದ್ದ. ಅತ್ತೆ ಮಾತ್ರ ಟಾರ್ಪಾಲು ಸರಿಸಿ, "ನೋಡೇ, ಈಗ ಕಿಟಕಿನೂ ಅಡ್ಡ ಇಲ್ಲ" ಎಂದು ಸ್ಟೂಲು ಎಳೆದುಕೊಂಡು ಕೂರುತ್ತಿದ್ದಳು.

ಅದೊಂದು ಭಾನುವಾರದ ಬೆಳಿಗ್ಗೆ. ಅಪ್ಪ ಅಮ್ಮ ಹೆಬ್ಬಾಳಕ್ಕೆ ಹೋಗಿದ್ದರು. ನಾನು ಹಾಲ್‌ನ ಒಳಬಾಗಿಲಲ್ಲಿ ನಿಂತಿದ್ದೆ. ಅತ್ತೆ ಆಗಷ್ಟೇ ಕಾಗದ ನೆನೆಸಿ ಬಣ್ಣ ಇಳಿಸತೊಡಗಿದ್ದಳು. ಅವಳ ಸ್ಟೂಲಿನ ಹಿಂದೆ, ಕೆಂಪು ಗಾರೆಯ ನೆಲದ ಮೇಲೆ, ಪೆನ್ಸಿಲಿನಲ್ಲಿ ಎಳೆದಂಥ ಗೆರೆಯೊಂದಿತ್ತು. ಹಿಂದಿನ ದಿನ ಅದಿರಲಿಲ್ಲ. ಅವಳ ಕಾಲು ತಗುಲಿ ನೀರಿನ ಲೋಟ ಉರುಳಿತು. ನೀರು ನನ್ನ ಕಡೆ ಹರಿದು ಬಂದು ಆ ಗೆರೆಯಲ್ಲಿ ಇಳಿದು ಕಾಣೆಯಾಯಿತು. ಗೆರೆ ಬೆರಳಗಲವಾಯಿತು. ಅತ್ತೆ ನೋಡಲಿಲ್ಲ, ಅವಳ ಕಣ್ಣು ಓಡುವ ಬಣ್ಣದ ಮೇಲಿತ್ತು. ಇನ್ನು ಕುಂಚದ ನಾಲ್ಕು ಎಳೆತ, ಮುಗಿದ ಮೇಲೆ ಹೇಳೋಣ ಎಂದುಕೊಂಡೆ. ಎಣಿಸಿದೆ. ಮೂರನೆಯದಕ್ಕೆ ಕುಂಚ ಅದ್ದಿದಳು. ಆಮೇಲೆ ನನ್ನ ಮುಂದೆ ಬರೀ ರಸ್ತೆಯಿತ್ತು, ಅದರ ಮೇಲೆ ದೂಳು ಏಳುತ್ತಿತ್ತು. ಲಾರಿಗಳ ಹಾರ್ನು ಒಮ್ಮೆಲೇ ಹತ್ತಿರ ಬಂದಂತಾಯಿತು.

ಮುನಿರಾಜು ತಕ್ಕಡಿ ಬಿಸುಟು ಓಡಿ ಬಂದ. ಕಲ್ಲು ಸರಿಸಿ, ತರಕಾರಿ ಆಟೋದಲ್ಲಿ ಅವಳನ್ನು ಮಲಗಿಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತ್ತು. ಅಡುಗೆಮನೆಯಿಂದ ಬಂದ ಅಜ್ಜಿ ನನ್ನ ಎರಡೂ ಭುಜ ಹಿಡಿದು ಕೇಳಿದ್ದು ಇಷ್ಟೇ: "ನೀನ್ ಇಲ್ಲೇ ಇದ್ಯಲ್ಲೇ, ಕೂಗ್ಲಿಲ್ವಾ?"

"ಕೂಗ್ದೆ ಅಜ್ಜಿ. ಬರ್ಲಿಲ್ಲ" ಎಂದೆ.

ಅತ್ತೆ ಆ ದಿನದಿಂದ ಎಲ್ಲರ ಬಾಯಲ್ಲಿ ಹಟಮಾರಿಯಾದಳು. ಬಂದವರಿಗೆಲ್ಲ ಅಜ್ಜಿ, "ಮಗು ಅಷ್ಟು ಕೂಗಿದ್ರೂ ಏಳ್ಲಿಲ್ಲ" ಎಂದು ಹೇಳಿದಳು. ಅಪ್ಪನೂ ಹಾಗೇ ಹೇಳಿದ. "ಟೀಚರಮ್ಮಂಗೆ ಬಣ್ಣದ್ ಹುಚ್ಚು" ಎಂದು ಮುನಿರಾಜು ಹೇಳಿದ. ಕರೆದೊಡನೆ ಎದ್ದು ಬರುವವಳು ಅವಳು, ಕರೆದೇ ಇರಲಿಲ್ಲ ಎಂದು ಬಲ್ಲವಳು ನಾನೊಬ್ಬಳೇ. ಓದು ಮುಗಿಯಿತು, ಕೆಲಸ ಸಿಕ್ಕಿತು. ಈಗಲೂ ಸಿಗ್ನಲ್ಲಿನಲ್ಲಿ ಹಸಿರು ದೀಪಕ್ಕೆ ಕಾಯುತ್ತ ನಿಂತಾಗ ಎಳೆತಗಳನ್ನು ಎಣಿಸುತ್ತೇನೆ, ಮೂರಕ್ಕೆ ಕೂಗಬೇಕೆನಿಸುತ್ತದೆ.

ಅಪ್ಪ ಆಮೇಲೆ ಚಿಕ್ಕಬಾಣಾವರದಲ್ಲಿ ಮನೆ ಮಾಡಿದ. ಕಳೆದ ವರ್ಷ ಅಲ್ಲಿ ಅಜ್ಜಿ ಹಾಸಿಗೆ ಹಿಡಿದಾಗ, ಹೇಳಿಯೇ ಬಿಡಬೇಕೆಂದು ಹೋಗಿದ್ದೆ. "ಅಜ್ಜಿ, ಅವತ್ತು ಲಲಿತತ್ತೆನ..." ಎಂದು ಶುರುಮಾಡಿದೆ. ಅವಳು ನನ್ನ ಕೈ ತಡವಿ ಹಿಡಿದುಕೊಂಡಳು.

"ನೀನ್ ಕೂಗ್ದೆ ಅನ್ನೋದೊಂದೇ ನಂಗೆ ಸಮಾಧಾನ ಕಣೇ. ಹೋಗೋ ಹೊತ್ತಲ್ಲಿ ಮನೆಯವರ ದನಿ ಅವಳ ಕಿವಿಗೆ ಬಿತ್ತಲ್ಲ."

"ಹೂಂ ಅಜ್ಜಿ" ಎಂದೆ. ಅವಳಿಗೆ ನಿದ್ದೆ ಹತ್ತುವವರೆಗೂ ಕೈ ಬಿಡಿಸಿಕೊಳ್ಳಲಿಲ್ಲ.