ಒಮ್ಮೆ ಅತ್ತಿದ್ದರೂ ಲೆಕ್ಕ

ಹೊಸೂರಿನ ಒಂದು ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ ನಮಗೆ ಮೂರು ದಿನ ತರಬೇತಿ ಕೊಟ್ಟರು. ಕಾರ್ಖಾನೆ ಕೆಲಸ ಬಿಟ್ಟು ಅವಲಪಲ್ಲಿಯ ಮನೆಯಲ್ಲಿ ಕೂತಿದ್ದ ನನಗೆ ಆ ಸರ್ವೆ ಕೆಲಸ ಸಿಕ್ಕಿದ್ದು ಕನ್ನಡ, ತಮಿಳು, ತೆಲುಗು ಮೂರೂ ಬರುತ್ತವೆ ಎನ್ನುವ ಒಂದೇ ಕಾರಣಕ್ಕೆ. ನಮ್ಮ ಮೇಲ್ವಿಚಾರಕರು ಗೋಡೆಯ ಮೇಲೆ ಒಂದು ಪಟ್ಟಿ ತೋರಿಸಿದರು. ಎಡಗಡೆ ಶ್ರೀಮಂತ ದೇಶಗಳು, ಬಲಗಡೆ ನಮ್ಮಂಥವು. ಜನ ಎಷ್ಟು ವರ್ಷ ಬದುಕುತ್ತಾರೆ, ಎಷ್ಟು ವರ್ಷ ಓದುತ್ತಾರೆ, ಯಾವ ಒಲೆಯಲ್ಲಿ ಬೇಯಿಸುತ್ತಾರೆ, ಹುಟ್ಟಿದ ಮಕ್ಕಳಲ್ಲಿ ಎಷ್ಟು ಉಳಿಯುತ್ತವೆ. ಇವೇ ಪ್ರಶ್ನೆಗಳನ್ನು ಬೇರೆ ದೇಶಗಳಲ್ಲೂ ಕೇಳುತ್ತಾರೆ, ಆಮೇಲೆ ಪಕ್ಕಪಕ್ಕ ಇಟ್ಟು ನೋಡುತ್ತಾರೆ ಎಂದರು.

ತೀರಿಕೊಂಡ ಮಕ್ಕಳ ಪ್ರಶ್ನೆಗೆ ಬಂದಾಗ ಅವರ ಮಾತು ನಿಧಾನವಾಯಿತು. "ಹುಟ್ಟಿ ಒಂದು ಸಲ ಅತ್ತಿದ್ದರೂ ಸಾಕು, ಬರೀಬೇಕು. ನೀವು ಒಂದು ಮಗು ಬಿಟ್ಟರೆ ಇಡೀ ದೇಶ ಸುಳ್ಳು ಹೇಳಿದ ಹಾಗೆ." ತಾಯಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಬೇಕು. ಅವಳು ಹೇಳಿದ್ದು ಆ ಮನೆಯ ಇನ್ನೊಬ್ಬರ ಕಿವಿಗೆ ಬೀಳಬಾರದು. ನಾನು ಇದನ್ನು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದುಕೊಂಡೆ.

ನನಗೆ ಕೊಟ್ಟದ್ದು ಸೂಳಗಿರಿಯಿಂದ ಒಳಗೆ ಹೋಗುವ ರಸ್ತೆಯ ಒಂದು ಊರು. ಮೊದಲನೇ ದಿನ, ದೇಶಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ ಎಂದು ನನ್ನಿಂದ ಕೇಳಿದ್ದ ಒಬ್ಬ ತಾತ, ಮನೆಯ ಕಕ್ಕಸು ನೋಡಲು ಹೊರಟ ನನ್ನ ಹಿಂದೆಯೇ ಅಲ್ಲಿಯವರೆಗೂ ಬಂದ.

"ಯಾಕವ್ವಾ, ಆ ದೊಡ್ಡ ದೇಶಗಳಾಗೂ ಹಿಂಗೇ ಕಕ್ಕಸು ಬಾಗ್ಲು ತೆಗ್ದು ನೋಡ್ತಾರಾ?"

"ನೋಡ್ತಾರೆ ತಾತಾ."

"ಹಂಗಾದ್ರೆ ಅಲ್ಲೀದು ಹೆಂಗೈತೆ ಅಂತ ನನ್ಗೂ ಒಂದ್ ಮಾತ್ ಹೇಳು. ನಾನೂ ಪಕ್ಕಪಕ್ಕ ಇಟ್ ನೋಡ್ತೀನಿ."

ಮೂರನೇ ದಿನ ಹೋದ ಮನೆಯ ಅಂಗಳದಲ್ಲಿ ಕೊತ್ತಂಬರಿ ಸೊಪ್ಪು ರಾಶಿ ಬಿದ್ದಿತ್ತು. ಅತ್ತೆ ತೋಟದಲ್ಲಿದ್ದಳು. ಸೊಸೆಗೆ ಇಪ್ಪತ್ತಾರು ವರ್ಷ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಾನು ಕೂತೆ, ಅವಳು ಎದುರಿಗೆ ನೆಲದ ಮೇಲೆ ಕೂತು ಸೊಪ್ಪು ಕಟ್ಟುತ್ತಲೇ ಉತ್ತರ ಹೇಳುತ್ತಿದ್ದಳು. ಎಂಟನೇ ಕ್ಲಾಸು. ಗ್ಯಾಸೂ ಉಂಟು, ಸೌದೆಯೂ ಉಂಟು. ಒಬ್ಬಳೇ ಮಗಳು, ಬಾಲವಾಡಿಗೆ ಹೋಗಿದ್ದಾಳೆ. ತೀರಿಕೊಂಡ ಮಕ್ಕಳು? ಇಲ್ಲ.

ಕಲಿತ ಮಾತನ್ನು ನಾನು ಹೇಳಿದೆ. ಹುಟ್ಟಿ ಒಂದು ಸಲ ಅತ್ತಿದ್ದರೂ ಲೆಕ್ಕ.

ಅವಳ ಕೈ ನಿಂತಿತು. "ಒಂದೇ ಸಲ ಅತ್ರೂನಾ ಅಕ್ಕಾ?"

"ಹೂಂ."

"ಆರು ದಿನ ಇದ್ಲು. ಚೆನ್ನಾಗೇ ಅಳ್ತಿದ್ಲು."

ಅವಳನ್ನು ಮೊದಲು ಕೃಷ್ಣಗಿರಿ ಕಡೆ ಕೊಟ್ಟಿದ್ದರು. ಆ ಗಂಡ ಲಾರಿಗೆ ಸಿಕ್ಕಿ ಸತ್ತಾಗ ಅವಳು ಬಸುರಿ. ಮಗು ಹುಟ್ಟಿದ್ದು, ಹೋದದ್ದು, ಎರಡೂ ತವರಿನಲ್ಲಿ. ಎರಡು ವರ್ಷ ಕಳೆದು ಈ ಸಂಬಂಧ ಬಂದಾಗ ಅವಳ ತಾಯಿ ಮೊದಲ ಮದುವೆಯನ್ನು ಒಪ್ಪಿಕೊಂಡಳು, ಮಕ್ಕಳಾಗಿಲ್ಲ ಎಂದು ಸೇರಿಸಿದಳು. ಈ ಮನೆಯಲ್ಲಿ ಗಂಡನಿಗೂ ಆ ಮಗುವಿನ ವಿಷಯ ಗೊತ್ತಿಲ್ಲ.

"ನಮ್ಮತ್ತೆಗೆ ಗೊತ್ತಾದ್ರೆ ನಮ್ಮಮ್ಮನ್ನ ಈ ಹೊಸ್ತಿಲು ತುಳಿಯಾಕ್ ಬಿಡಲ್ಲ. ಯಾರ್ಗೂ ಹೇಳಲ್ಲ ತಾನೆ?"

"ಹೇಳಲ್ಲ. ಹೆಸರೂ ಬರೆಯೋದಿಲ್ಲ, ಒಂದು ಅಂತ ಅಷ್ಟೇ."

"ಹಂಗಾದ್ರೆ ಬರೀರಿ. ಅವ್ಳ್ನ ಎಲ್ಲೂ ಬರ್ದಿಲ್ಲ." ನಾನು ಟ್ಯಾಬ್‌ನಲ್ಲಿ ಒಂದು ಎಂದು ಒತ್ತುವುದನ್ನು ಅವಳು ಬಗ್ಗಿ ನೋಡಿದಳು. "ಈಗ ಇದ್ರಾಗಿಂದ ಎಲ್ಲಿಗೋಗ್ತಾಳೆ?"

"ದೇಶದ ಲೆಕ್ಕಕ್ಕೆ."

"ದೂರಾನೇ ಹೋಗ್ತಾಳೆ ಬುಡಿ," ಎಂದು ನಕ್ಕಳು. ಕಣ್ಣು ಒರೆಸಿಕೊಳ್ಳಲಿಲ್ಲ. ಕೈಯಲ್ಲಿ ಮಣ್ಣಿತ್ತು.

ನಾಲ್ಕು ದಿನ ಬಿಟ್ಟು ಮೇಲ್ವಿಚಾರಕರು ಮರುತಪಾಸಣೆಗೆ ಬಂದರು. ಹತ್ತು ಮನೆಗೆ ಒಂದರಂತೆ ಆರಿಸಿಕೊಂಡು, ನಾವು ಬರೆದದ್ದನ್ನು ತೋರಿಸದೆ, ಅವೇ ಪ್ರಶ್ನೆಗಳನ್ನು ಹೊಸದಾಗಿ ಕೇಳಬೇಕೆಂಬುದು ನಿಯಮ. ಅವರಿಗೆ ಮಧ್ಯಾಹ್ನದೊಳಗೆ ಇನ್ನೂ ನಾಲ್ಕು ಮನೆ ಮುಗಿಯಬೇಕಿತ್ತು. ಆ ಅಂಗಳದಲ್ಲಿ ನಿಂತೇ ಟ್ಯಾಬ್ ತೆಗೆದರು. ಅತ್ತೆ ಸೊಸೆ ಇಬ್ಬರೂ ಸೊಪ್ಪು ಕಟ್ಟುತ್ತಿದ್ದರು. ಮೇಲ್ವಿಚಾರಕರು ನಾನು ಬರೆದದ್ದನ್ನೇ ಹಾಜರಿ ಕೂಗುವ ಹಾಗೆ ತಮಿಳಿನಲ್ಲಿ ಓದಿದರು. ಕಕ್ಕಸು ಇದೆ. ಗ್ಯಾಸು, ಸೌದೆ. ಹೆಣ್ಣು ಮಗು ಒಂದು. ಸತ್ತ ಮಗು ಒಂದು. ಸರಿ ತಾನೆ?

ಅತ್ತೆಗೆ ತಮಿಳು ಚೆನ್ನಾಗಿ ಗೊತ್ತು. ಆದರೆ ಅವಳು ನನ್ನನ್ನು ನೋಡಿ ಕನ್ನಡದಲ್ಲಿ ಕೇಳಿದಳು. "ಯಾವ ಮಗು ಕಣಮ್ಮಾ ಸತ್ತಿದ್ದು ನಮ್ಮನ್ಯಾಗೆ? ಯಾರ್ದು?"

ಸೊಸೆ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಸೊಪ್ಪಿನ ಕಟ್ಟಿಗೆ ದಾರ ಎರಡು ಸುತ್ತು ಸುತ್ತಿದಳು, ಗಂಟು ಹಾಕಿದಳು, ಪಕ್ಕಕ್ಕಿಟ್ಟಳು. "ನನ್ಗೆ ಒಬ್ಳೇ. ಇನ್ಯಾವ್ದೂ ಹುಟ್ಟಿಲ್ಲ."

"ನಂದೇ ತಪ್ಪು," ಎಂದೆ. "ಪಕ್ಕದ ಊರಿನ ಯಾರದೋ ಇಲ್ಲಿ ಒತ್ಬುಟ್ಟಿದೀನಿ."

"ಅಲ್ಲಮ್ಮಾ, ಸತ್ತೋರ್ನ ಮನೆಮನೆಗೆ ಹಂಚ್ಕೊಂಡ್ ಹೋಗಾಕ್ ಬಂದಿದ್ಯಾ? ಓದ್ದೋರ್ ಕೆಲಸ ನೋಡು!" ಎಂದು ಅತ್ತೆ ರೇಗಿದಳು. ರೇಗಿ ಮುಗಿದ ಮೇಲೆ ಅವಳ ಕಣ್ಣು ಸೊಸೆಯ ಕಡೆ ಹೋಯಿತು, ಅಲ್ಲೇ ಉಳಿಯಿತು. ಅವಳು ನಂಬಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮೇಲ್ವಿಚಾರಕರು ಒಂದನ್ನು ಅಳಿಸಿ ಸೊನ್ನೆ ಮಾಡಿದರು. ತಿದ್ದುಪಡಿಗೆ ನನ್ನ ಬೆರಳಿನಿಂದಲೇ ಸಹಿ ಹಾಕಿಸಿಕೊಂಡರು.

ರಸ್ತೆಗೆ ಬಂದ ಮೇಲೆ ಕೇಳಿದೆ. "ಒಬ್ಬಳನ್ನೇ ಕೇಳಬೇಕು ಅಂತ ಹೇಳಿಕೊಟ್ಟವರು ನೀವು ಸಾರ್."

"ಅದು ಟ್ರೈನಿಂಗ್‌ನಲ್ಲಿ ಹೇಳೋ ಮಾತಮ್ಮಾ. ಒಂದು ಮಗುವಿನಿಂದ ಇಷ್ಟು ದೊಡ್ಡ ದೇಶದ ನಂಬರ್ ಅಲ್ಲಾಡುತ್ತಾ?" ಮೆಲ್ಲಗೇ ಹೇಳಿದರು. ನನ್ನ ಮುಖ ನೋಡಿ ತಮ್ಮ ನೀರಿನ ಬಾಟಲಿಯನ್ನೂ ಕೊಟ್ಟರು. ಅವರು ನಂಬದೆಯೇ ಹೇಳಿಕೊಟ್ಟದ್ದನ್ನು ನಾನು ನಂಬಿದ್ದೆ. ಅದನ್ನೇ ಹೇಳಿ ಅವಳ ಬಾಯಿ ಬಿಡಿಸಿದ್ದೆ.

ಮಾರನೆಯ ಬೆಳಿಗ್ಗೆ ಬಸ್ಸಿಳಿದಾಗ ಅವಳು ಅಲ್ಲಿದ್ದಳು. ಅತ್ತೆಯೂ ಇದ್ದಳು. ಸೂಳಗಿರಿ ಸಂತೆಗೆ ಆಟೋದಲ್ಲಿ ಸೊಪ್ಪಿನ ಮೂಟೆಗಳು ಹೊರಟಿದ್ದವು. ನಾನು ಹತ್ತಿರ ಹೋದೆ.

"ಸೊಲ್ಲುಂಗ ಮೇಡಂ," ಎಂದಳು.

ಹೇಳಿ ಎನ್ನುವುದನ್ನು ನನ್ನ ಜೊತೆ ಅವಳು ತಮಿಳಿನಲ್ಲಿ ಆಡಿದ್ದು ಅದೇ ಮೊದಲು. ಅಕ್ಕ ಎನ್ನದೆ ಮೇಡಂ ಎಂದದ್ದೂ. ಮೂಟೆ ಹತ್ತಿಸುವವನ ಜೊತೆ ಜಗಳವಾಡಲು ಅತ್ತೆ ಆಟೋದ ಹಿಂದಕ್ಕೆ ಹೋದಳು. ಆಗ ಇವಳು ಬೇರೆಲ್ಲೋ ನೋಡುತ್ತಾ ಕನ್ನಡದಲ್ಲಿ ಕೇಳಿದಳು.

"ಅಳಿಸ್ಬುಟ್ರಾ?"

ಇಲ್ಲ ಎನ್ನಬಹುದಿತ್ತು. "ಹೂಂ," ಎಂದೆ.

"ನಾನೂ ಇಲ್ಲ ಅಂದ್ಬುಟ್ಟೆ," ಎಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ, "ಇನ್ಯಾರ್ನೂ ಹಂಗ್ ಕೇಳ್ಬ್ಯಾಡಿ."

ಅತ್ತೆ ಕೂಗಿದಳು, ಅವಳು ಹೋಗಿ ಆಟೋ ಹತ್ತಿದಳು.

ಆ ಊರಿನಲ್ಲಿ ನನಗೆ ಇನ್ನೂ ಹನ್ನೊಂದು ಮನೆ ಉಳಿದಿದ್ದವು. ಹನ್ನೊಂದರಲ್ಲೂ ಆ ಪ್ರಶ್ನೆಯನ್ನು ಕೇಳದೆ ಸೊನ್ನೆ ಒತ್ತಿದೆ. ಯಾವುದೋ ದೇಶದ ಪಕ್ಕದಲ್ಲಿಟ್ಟು ನೋಡಿದಾಗ ನಮ್ಮ ಕಡೆಯದು ಇರುವುದಕ್ಕಿಂತ ತುಸು ಚೆನ್ನಾಗಿ ಕಂಡಿದ್ದರೆ ಅದರಲ್ಲಿ ನನ್ನ ಕೈಯೂ ಇದೆ. ಒಂದು ಮನೆಯಲ್ಲಿ ವಯಸ್ಸಾದ ಹೆಂಗಸೊಬ್ಬಳು, ನಾನು ಕೇಳದಿದ್ದರೂ, "ನನ್ಗೂ ಮೊದಲ್ನೇದು ಒಂದು ಗಂಡಾಗಿ..." ಎಂದು ಶುರು ಮಾಡಿದಳು. ನಾನು ಟ್ಯಾಬ್‌ನಿಂದ ಕಣ್ಣೆತ್ತದೆ, ಕುಡಿಯುವ ನೀರು ಎಲ್ಲಿಂದ ತರುತ್ತೀರಿ ಎಂದು ಕೇಳಿದೆ.